ಕೆಮಿಸ್ಟ್ರಿ ಡಿಗ್ರಿ: ನೂರೈವತ್ತು ರಿಯಾಕ್ಷನ್ ಬಾಯಿಪಾಠ ಮಾಡಲೇಬೇಕೇ?

ಪ್ರಶ್ನೆ: ಕೆಮಿಸ್ಟ್ರಿ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಶಾಲೆಯಲ್ಲಿ ಈ ವಿಷಯದಲ್ಲಿ ಒಳ್ಳೆಯ ಅಂಕ ಬರುತ್ತಿತ್ತು. ಈಗ ಆರ್ಗ್ಯಾನಿಕ್‌ನ ನೂರೈವತ್ತು ರಿಯಾಕ್ಷನ್‌ಗಳನ್ನು ಪಟ್ಟಿ ಮಾಡಿಕೊಂಡು ದಿನಾ ಓದುತ್ತೇನೆ, ಆದರೂ ಪರೀಕ್ಷೆಯಲ್ಲಿ ಸ್ವಲ್ಪ ತಿರುಗಿಸಿ ಕೇಳಿದರೆ ಎಲ್ಲ ಕಲಸಿಹೋಗುತ್ತದೆ. ಗಣಿತ ಮೊದಲಿಂದಲೂ ಅಷ್ಟಕ್ಕಷ್ಟೇ, ಹಾಗಾಗಿ ಫಿಸಿಕಲ್ ಪೇಪರ್ ಪಾಸಾಗದೆ ಉಳಿದುಕೊಂಡಿದೆ. ಪ್ರಾಕ್ಟಿಕಲ್‌ನಲ್ಲಿ ಪರ್ಮ್ಯಾಂಗನೇಟ್ ಟೈಟ್ರೇಶನ್ (ದ್ರಾವಣವನ್ನು ಹನಿಹನಿಯಾಗಿ ಹಾಕಿ ಎಷ್ಟು ಹಿಡಿಯಿತೆಂದು ಅಳೆಯುವುದು) ಮಾಡಿದರೆ ಒಮ್ಮೆ 9.8, ಒಮ್ಮೆ 10.4, ಇನ್ನೊಮ್ಮೆ 10.1 ಮಿ.ಲೀ. ಬರುತ್ತದೆ. ‘ಮೂರೂ 10.1 ಅಂತ ಬರೆದುಬಿಡು’ ಅನ್ನುತ್ತಾರೆ ಗೆಳೆಯರು. ಬಯೋಕೆಮಿಸ್ಟ್ರಿಗೆ ಬದಲಾಯಿಸಿಕೊಂಡರೆ ಸುಲಭವಾದೀತೇ? ಇನ್ನೊಂದು ವಿಷಯ, ಕೇಳಲು ನಾಚಿಕೆಯಾಗುತ್ತದೆ: ಸಲ್ಫ್ಯೂರಿಕ್ ಆಸಿಡ್ ಬಾಟಲಿ ಎತ್ತಬೇಕೆಂದರೆ ಕೈ ನಡುಗುತ್ತದೆ.

ಉತ್ತರ: ‘ನನಗೆ ಕೆಮಿಸ್ಟ್ರಿ ಹತ್ತುವುದಿಲ್ಲ’ ಎಂಬ ಒಂದೇ ಚಿಂತೆಯಾಗಿ ನೀವು ಇದನ್ನು ನೋಡುತ್ತಿದ್ದೀರಿ. ಪತ್ರದಲ್ಲಿ ಕಾಣುವುದು ಮೂರು ಬೇರೆ ಬೇರೆ ತೊಂದರೆ. ಆರ್ಗ್ಯಾನಿಕ್‌ನದು ಓದುವ ರೀತಿಯ ತೊಂದರೆ, ಫಿಸಿಕಲ್‌ನದು ಗಣಿತದ ನಾಲ್ಕೈದು ಪಾಠಗಳ ತೊಂದರೆ, ಲ್ಯಾಬಿನದು ಕೈಪಳಗಿಕೆಯ ತೊಂದರೆ. ಮೂರಕ್ಕೂ ನೀವು ಮಾಡುತ್ತಿರುವ ಮದ್ದು ಮಾತ್ರ ಒಂದೇ, ಇನ್ನಷ್ಟು ಹೊತ್ತು ಕೂತು ಓದುವುದು. ಈ ಮದ್ದು ಮೂರರಲ್ಲಿ ಒಂದಕ್ಕೂ ನಾಟುವುದಿಲ್ಲ.

ಮೊದಲು ಆರ್ಗ್ಯಾನಿಕ್. ‘ಆರ್ಗ್ಯಾನಿಕ್ ಎಂದರೆ ನೆನಪಿನ ಶಕ್ತಿ’ ಎಂಬ ಮಾತು ಹಾಸ್ಟೆಲುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಲೇ ಇದೆ. ಅದರಲ್ಲಿ ಅಷ್ಟಿಷ್ಟು ನಿಜವೂ ಇದೆ. ಫಂಕ್ಷನಲ್ ಗ್ರೂಪ್‌ಗಳ ಹೆಸರು, ಸಾಮಾನ್ಯ ರೀಏಜೆಂಟ್‌ಗಳು ಮಾಡುವ ಕೆಲಸ, ಒಂದಿಷ್ಟು ಪಿಕೆಎ ಮೌಲ್ಯಗಳು (ಆಸಿಡ್ ಬಲ ಹೇಳುವ ಸಂಖ್ಯೆ, ಕಡಿಮೆಯಾದಷ್ಟೂ ಆಸಿಡ್ ಬಲಶಾಲಿ) ಇವೆಲ್ಲ ನಾಲಿಗೆಯ ತುದಿಯಲ್ಲೇ ಇರಬೇಕು. ಆದರೆ ರಿಯಾಕ್ಷನ್‌ಗಳನ್ನು ಹೆಸರಿನ ಪ್ರಕಾರ ಪಟ್ಟಿ ಮಾಡಿದಿರೋ, ಒಂದೇ ಜಾತಿಯವು ಹತ್ತು ಪುಟಗಳಲ್ಲಿ ಚದುರಿಹೋಗುತ್ತವೆ. ಗ್ರಿಗ್ನಾರ್ಡ್, ಸಯನೋಹೈಡ್ರಿನ್, ಅಸಿಟಾಲ್, ಹೈಡ್ರಜೋನ್, ಆಲ್ಡಾಲ್, ಕ್ಯಾನಿಜಾರೊ: ನಿಮ್ಮ ಪಟ್ಟಿಯಲ್ಲಿ ಇವು ಆರು ಸಾಲು. ಕಾಗದದ ಮೇಲೆ ಎಲೆಕ್ಟ್ರಾನ್‌ಗಳನ್ನು ಓಡಿಸಿ ನೋಡಿದರೆ ಆರರಲ್ಲೂ ನಡೆಯುವ ಮುಖ್ಯ ಕೆಲಸ ಒಂದೇ. ಕಾರ್ಬೊನಿಲ್‌ನ (ಕಾರ್ಬನ್ನಿಗೆ ಆಕ್ಸಿಜನ್ ಡಬಲ್ ಬಾಂಡ್‌ನಿಂದ ಅಂಟಿರುವ ಗುಂಪಿನ) ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಂಡಿರುತ್ತದೆ, ಕಾರ್ಬನ್ನಿಗೆ ಕೊರತೆ ಬಿದ್ದಿರುತ್ತದೆ, ಎಲೆಕ್ಟ್ರಾನ್ ಜೋಡಿ ಇಟ್ಟುಕೊಂಡ ಯಾವುದೋ ಒಂದು ನ್ಯೂಕ್ಲಿಯೊಫೈಲ್ ಬಂದು ಆ ಕಾರ್ಬನ್ನಿಗೆ ಅಂಟಿಕೊಳ್ಳುತ್ತದೆ. ಬಂದದ್ದು ಯಾರು, ಅಂಟಿದ ಮೇಲೆ ಏನಾಯಿತು ಎಂಬುದಷ್ಟೇ ವ್ಯತ್ಯಾಸ.

ಪರೀಕ್ಷೆಯಲ್ಲಿ ‘ತಿರುಗಿಸಿ ಕೇಳುವುದು’ ಎಂದರೆ ಏನೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಅಸಿಟಾಲ್ಡಿಹೈಡ್‌ಗೆ ತೆಳುವಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿದರೆ ಆಲ್ಡಾಲ್, ಬೆಂಜಾಲ್ಡಿಹೈಡ್‌ಗೆ ಸಾಂದ್ರ ಹೈಡ್ರಾಕ್ಸೈಡ್ ಹಾಕಿದರೆ ಕ್ಯಾನಿಜಾರೊ. ಇಷ್ಟನ್ನು ಬಾಯಿಪಾಠ ಮಾಡಿದವರಿಗೆ ‘ಬೆಂಜಾಲ್ಡಿಹೈಡ್‌ಗೆ ಅಸಿಟೋನ್ ಸೇರಿಸಿ ತೆಳುವಾದ ಹೈಡ್ರಾಕ್ಸೈಡ್ ಹಾಕಿದರೆ?’ ಎಂದು ಕೇಳಿದ ಕೂಡಲೇ ನೆಲ ಕುಸಿಯುತ್ತದೆ, ಪಟ್ಟಿಯಲ್ಲಿ ಈ ಜೋಡಿ ಇರುವುದಿಲ್ಲ. ಪಟ್ಟಿಯ ಬದಲು ಒಂದು ಪ್ರಶ್ನೆ ಇಟ್ಟುಕೊಳ್ಳಿ: ಆಲ್ಫಾ ಹೈಡ್ರೋಜನ್ (ಕಾರ್ಬೊನಿಲ್ ಪಕ್ಕದ ಕಾರ್ಬನ್ನಿನ ಮೇಲಿನ ಹೈಡ್ರೋಜನ್) ಯಾರ ಹತ್ತಿರ ಇದೆ? ಬೆಂಜಾಲ್ಡಿಹೈಡ್ ಹತ್ತಿರ ಇಲ್ಲ, ಅಸಿಟೋನ್ ಹತ್ತಿರ ಆರಿವೆ. ಹಾಗಾದರೆ ಪ್ರೋಟಾನ್ ಕಳೆದುಕೊಂಡು ಇನೋಲೇಟ್ ಆಗುವುದು ಅಸಿಟೋನೇ. ಅದು ಹೋಗಿ ಅಂಟಬೇಕಾದದ್ದು ಯಾರಿಗೆ? ಕೀಟೋನಿಗಿಂತ ಆಲ್ಡಿಹೈಡ್‌ನ ಕಾರ್ಬೊನಿಲ್ ಚುರುಕು, ಆದ್ದರಿಂದ ಬೆಂಜಾಲ್ಡಿಹೈಡ್‌ಗೆ. ಆಮೇಲೆ ನೀರು ಕಳಚಿಕೊಂಡು ಡಬಲ್ ಬಾಂಡ್ ಬರುತ್ತದೆ. ಬೆಂಜಾಲ್ಡಿಹೈಡ್ ಎರಡು ಪಾಲು ಇದ್ದರೆ ಅಸಿಟೋನಿನ ಎರಡನೇ ಬದಿಯಲ್ಲೂ ಇದೇ ಕಥೆ ನಡೆದು ಡೈಬೆಂಜಾಲ್ ಅಸಿಟೋನ್‌ನ ಹಳದಿ ಹರಳು ಸಿಗುತ್ತದೆ. ಇನ್ನು ಆಲ್ಫಾ ಹೈಡ್ರೋಜನ್ ಇರುವವರು ಯಾರೂ ಫ್ಲಾಸ್ಕಿನಲ್ಲಿ ಇಲ್ಲವೆನ್ನಿ. ಆಗ ಹೈಡ್ರಾಕ್ಸೈಡ್ ತಾನೇ ಕಾರ್ಬೊನಿಲ್‌ಗೆ ಅಂಟುತ್ತದೆ, ಅಲ್ಲಿಂದ ಒಂದು ಹೈಡ್ರೈಡ್ (ಎಲೆಕ್ಟ್ರಾನ್ ಜೋಡಿ ಹೊತ್ತ ಹೈಡ್ರೋಜನ್) ಪಕ್ಕದ ಅಣುವಿಗೆ ಜಿಗಿಯುತ್ತದೆ, ಒಬ್ಬರು ಆಲ್ಕೋಹಾಲ್ ಆಗುತ್ತಾರೆ, ಇನ್ನೊಬ್ಬರು ಆಸಿಡ್‌ನ ಲವಣ. ಕ್ಯಾನಿಜಾರೊ ಎಂದರೆ ಅಷ್ಟೇ. ಒಂದೇ ಪ್ರಶ್ನೆ ಪಟ್ಟಿಯ ಹತ್ತು ಹನ್ನೆರಡು ಸಾಲುಗಳನ್ನು ನುಂಗಿಹಾಕಿತು ನೋಡಿ.

ಇದನ್ನು ಓದಿ ಕಲಿಯಲಾಗದು, ಬರೆದೇ ಕಲಿಯಬೇಕು. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತೆಂದು ತೋರಿಸುವ ಬಾಣ ಹಾಕುವಾಗ ಮೂರು ಕಟ್ಟುಪಾಡು ಬಿಡಬೇಡಿ. ಬಾಣ ಹೊರಡುವುದು ಎಲೆಕ್ಟ್ರಾನ್ ಇರುವಲ್ಲಿಂದ, ಅಂದರೆ ಲೋನ್ ಪೇರ್‌ನಿಂದ ಅಥವಾ ಬಾಂಡ್‌ನಿಂದ. ಪ್ಲಸ್ ಚಿಹ್ನೆಯಿಂದ ಬಾಣ ಹೊರಡಿಸುವುದು ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಪ್ರೋಟಾನ್ ಹತ್ತಿರ ಕೊಡಲು ಎಲೆಕ್ಟ್ರಾನೇ ಇಲ್ಲ, ಅದು ಬಾಣ ಬಿಡುವುದೆಲ್ಲಿಂದ? ಎರಡನೆಯದು, ಯಾವ ಹಂತದಲ್ಲೂ ಕಾರ್ಬನ್ನಿಗೆ ಐದು ಬಾಂಡ್ ಬರಬಾರದು, ಹೊಸದು ಬಂದರೆ ಹಳೆಯದೊಂದು ಬಿಡಬೇಕು. ಮೂರನೆಯದು, ಎಡಗಡೆಯ ಒಟ್ಟು ಚಾರ್ಜ್ ಎಷ್ಟಿತ್ತೋ ಬಲಗಡೆಯೂ ಅಷ್ಟೇ ಇರಬೇಕು. ಈ ಮೂರನ್ನು ನೋಡಿಕೊಂಡರೆ ನಿಮ್ಮ ತಪ್ಪನ್ನು ನೀವೇ ಹಿಡಿಯಬಲ್ಲಿರಿ, ಮೇಷ್ಟ್ರಿಗಾಗಿ ಕಾಯಬೇಕಿಲ್ಲ.

ಕ್ಲಾಸ್ ಆದ ದಿನವೇ ಖಾಲಿ ಹಾಳೆ ತೆಗೆದುಕೊಂಡು, ನೋಟ್ಸ್ ಮುಚ್ಚಿಟ್ಟು, ಅವತ್ತಿನ ಮೆಕ್ಯಾನಿಸಂ (ರಿಯಾಕ್ಷನ್ ಹಂತ ಹಂತವಾಗಿ ನಡೆಯುವ ಬಗೆ) ಬರೆಯಿರಿ. ಇಪ್ಪತ್ತು ನಿಮಿಷ ಸಾಕು. ಸಿಕ್ಕಿಕೊಂಡ ಜಾಗಕ್ಕೆ ಕೆಂಪು ಗುರುತು ಹಾಕಿ, ಆಮೇಲಷ್ಟೇ ನೋಟ್ಸ್ ತೆರೆಯಿರಿ. ಮೂರು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಮಗದೊಮ್ಮೆ. ಬೇರೆಯವರು ಬಿಡಿಸಿದ್ದನ್ನು ವಿಡಿಯೊದಲ್ಲಿ ನೋಡುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಆ ‘ಅರ್ಥವಾಯಿತು’ ಪರೀಕ್ಷೆ ಹಾಲ್‌ವರೆಗೆ ಜೊತೆಗೆ ಬರುವುದಿಲ್ಲ.

ಪಿಕೆಎ ಬಗ್ಗೆ ಎರಡು ಮಾತು ಹೆಚ್ಚೇ ಹೇಳುತ್ತೇನೆ, ಏಕೆಂದರೆ ಇದನ್ನು ಕಡೆಗಣಿಸುವವರೇ ಹೆಚ್ಚು. ಅಸಿಟಿಕ್ ಆಸಿಡ್ 4.76, ಕಾರ್ಬೊನಿಕ್ ಆಸಿಡ್ 6.4, ಫೀನಾಲ್ 10, ಆಲ್ಕೋಹಾಲ್ ಸುಮಾರು 16, ಅಸಿಟೋನಿನ ಆಲ್ಫಾ ಹೈಡ್ರೋಜನ್ ಸುಮಾರು 20, ತುದಿಯಲ್ಲಿ ಟ್ರಿಪಲ್ ಬಾಂಡ್ ಇರುವ ಆಲ್ಕೈನ್ 25, ಆಲ್ಕೇನ್ 50ರ ಆಸುಪಾಸು. ಇಷ್ಟು ಗೊತ್ತಿದ್ದರೆ ಲ್ಯಾಬಿನ ಬೈಕಾರ್ಬೊನೇಟ್ ಟೆಸ್ಟ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಾರ್ಬಾಕ್ಸಿಲಿಕ್ ಆಸಿಡ್ ಕಾರ್ಬೊನಿಕ್ ಆಸಿಡ್‌ಗಿಂತ ಬಲಶಾಲಿ, ಆದ್ದರಿಂದ ಬುಸ್ಸೆಂದು ನೊರೆ. ಫೀನಾಲ್ ಅದಕ್ಕಿಂತ ದುರ್ಬಲ, ಆದ್ದರಿಂದ ತಣ್ಣಗೆ ಕೂತಿರುತ್ತದೆ. ಪಿಕ್ರಿಕ್ ಆಸಿಡ್ ಹೆಸರಿಗೆ ಫೀನಾಲ್ ಕುಲದ್ದಾದರೂ ಮೂರು ನೈಟ್ರೊ ಗುಂಪುಗಳಿಂದಾಗಿ ಅದರ ಪಿಕೆಎ 0.4ರ ಹತ್ತಿರಕ್ಕೆ ಇಳಿದಿದೆ, ಹಾಗಾಗಿ ಬೈಕಾರ್ಬೊನೇಟ್ ಅದನ್ನೂ ಬಿಡುವುದಿಲ್ಲ. ವೈವಾದಲ್ಲಿ ಪರೀಕ್ಷಕರಿಗೆ ಬಹಳ ಇಷ್ಟದ ಪ್ರಶ್ನೆ ಇದು. ಗ್ರಿಗ್ನಾರ್ಡ್‌ಗೆ ಈಥರ್ ಯಾಕೆ ಒಣಗಿರಬೇಕು ಎಂಬುದಕ್ಕೂ ಉತ್ತರ ಇದೇ ಸಂಖ್ಯೆಗಳಲ್ಲಿದೆ: ನೀರಿನ ಪ್ರೋಟಾನ್ ಸಿಕ್ಕ ತಕ್ಷಣ ಗ್ರಿಗ್ನಾರ್ಡ್ ಅದನ್ನು ಕಸಿದುಕೊಂಡು ಬರೀ ಆಲ್ಕೇನ್ ಆಗಿ ಕೆಲಸ ಮುಗಿಸಿಬಿಡುತ್ತದೆ.

ಇನಾರ್ಗ್ಯಾನಿಕ್ ಬಗ್ಗೆ ನೀವು ದೂರಿಲ್ಲ, ನಾನೂ ಬೆಳೆಸುವುದಿಲ್ಲ. ಕಬ್ಬಿಣದಿಂದ ಅಯಾನ್ ಆಗುವಾಗ ಮೊದಲು ಹೋಗುವುದು 4ಎಸ್ ಎಲೆಕ್ಟ್ರಾನ್‌ಗಳು, 3ಡಿ ಅಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಕೋಆರ್ಡಿನೇಶನ್ ಕಾಂಪೌಂಡ್‌ಗಳ ಪಾಠದಲ್ಲಿ ಇದೊಂದು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪು.

‘ಗಣಿತ ಬಾರದವರು ಕೆಮಿಸ್ಟ್ರಿ ತೆಗೆದುಕೊಳ್ಳಬಹುದು’ ಎಂದು ಯಾರೋ ನಿಮಗೆ ಹೇಳಿರಬೇಕು. ಅದು ಸುಳ್ಳು. ಆದರೆ ಗಣಿತವೆಲ್ಲ ಬರಬೇಕು ಎಂಬ ಹೆದರಿಕೆಗೂ ಆಧಾರವಿಲ್ಲ. ಮೊದಲ ಎರಡು ವರ್ಷದ ಫಿಸಿಕಲ್‌ಗೆ ಬೇಕಾಗುವುದು ಇಷ್ಟು: ಲಾಗರಿದಂ ಮತ್ತು ಎಕ್ಸ್‌ಪೊನೆನ್ಶಿಯಲ್, ಸಮೀಕರಣವೊಂದನ್ನು ಸರಳರೇಖೆಯ ರೂಪಕ್ಕೆ ತಂದು ಸ್ಲೋಪ್ ಓದುವುದು, ಡೆರಿವೇಟಿವ್ ಎಂದರೆ ಬದಲಾವಣೆಯ ದರ ಎಂಬ ತಿಳಿವಳಿಕೆ, 1/xನ ಇಂಟಿಗ್ರೇಶನ್, ಥರ್ಮೊಡೈನಾಮಿಕ್ಸ್‌ಗೆ ಒಂದಿಷ್ಟು ಪಾರ್ಶಿಯಲ್ ಡೆರಿವೇಟಿವ್. ದಿನಕ್ಕೆ ಅರ್ಧ ಗಂಟೆ ಇಟ್ಟರೆ ಒಂದೂವರೆ ತಿಂಗಳಲ್ಲಿ ಮುಗಿಸಬಹುದಾದ ಗಂಟು. ಕ್ವಾಂಟಂ ಮೆಕ್ಯಾನಿಕ್ಸ್ ಬಂದಾಗ ಮತ್ತೆ ಸ್ವಲ್ಪ ಬೇಕಾಗುತ್ತದೆ, ಅದು ಆಮೇಲಿನ ಮಾತು.

ನಿಜಕ್ಕೂ ಅಂಕ ಹೋಗುವುದು ಗಣಿತದಲ್ಲಲ್ಲ, ಯೂನಿಟ್‌ಗಳಲ್ಲಿ. ತೀರಾ ಸಾಮಾನ್ಯವಾದ ಒಂದು ಲೆಕ್ಕ: ಉಷ್ಣತೆ 25ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ರಿಯಾಕ್ಷನ್ ವೇಗ ಎರಡು ಪಟ್ಟಾಯಿತು, ಆಕ್ಟಿವೇಶನ್ ಎನರ್ಜಿ (ರಿಯಾಕ್ಷನ್ ಆಗಲು ಅಣುಗಳು ದಾಟಬೇಕಾದ ಶಕ್ತಿಯ ಗೋಡೆ) ಎಷ್ಟು? ಅರ್ಹೀನಿಯಸ್ ಸಮೀಕರಣದಲ್ಲಿ 2ರ ನ್ಯಾಚುರಲ್ ಲಾಗ್ 0.693. ಅದನ್ನು ಅನಿಲ ಸ್ಥಿರಾಂಕ 8.314ರಿಂದ ಗುಣಿಸಿದರೆ 5.76. ಇದನ್ನು 1/298 ಕಳೆ 1/308ರಿಂದ, ಅಂದರೆ 0.000109ರಿಂದ ಭಾಗಿಸಬೇಕು. ಉತ್ತರ ಮೋಲ್‌ಗೆ ಸುಮಾರು 53 ಕಿಲೋಜೂಲ್. ಕೆಲ್ವಿನ್‌ಗೆ ಬದಲಾಯಿಸದೆ 25 ಮತ್ತು 35 ಎಂದೇ ಹಾಕಿದರೆ ಬರುವುದು ಅರ್ಧ ಕಿಲೋಜೂಲ್. ಆ ಉತ್ತರ ನೋಡಿದಾಗಲೇ ಹುಬ್ಬು ಗಂಟಿಕ್ಕಬೇಕು. ಕೋಣೆಯ ಉಷ್ಣತೆಯಲ್ಲಿ ಅನಿಲ ಸ್ಥಿರಾಂಕ ಗುಣಿಸು ಉಷ್ಣತೆಯೇ ಸುಮಾರು 2.5 ಕಿಲೋಜೂಲ್ ಆಗುತ್ತದೆ. ಅದಕ್ಕಿಂತ ಗಿಡ್ಡವಾದ ಗೋಡೆ ಇದ್ದರೆ ಎಲ್ಲ ಅಣುಗಳೂ ಸಲೀಸಾಗಿ ದಾಟುತ್ತಿದ್ದವು, ಹತ್ತು ಡಿಗ್ರಿಗೆ ವೇಗ ಇಮ್ಮಡಿಯಾಗುವ ಪ್ರಶ್ನೆಯೇ ಇರುತ್ತಿರಲಿಲ್ಲ. ಇದೇ ರೀತಿ ಕೈಕೊಡುವ ಇನ್ನೆರಡು ಕಡೆ: ಅನಿಲ ಸ್ಥಿರಾಂಕಕ್ಕೆ 8.314 ಹಾಕಬೇಕಾದಲ್ಲಿ 0.0821 ಹಾಕುವುದು (ಮೊದಲನೆಯದು ಜೂಲ್‌ಗೆ, ಎರಡನೆಯದು ಲೀಟರ್ ಅಟ್ಮಾಸ್ಫಿಯರ್‌ಗೆ), ಮತ್ತು ನ್ಯಾಚುರಲ್ ಲಾಗ್‌ನಿಂದ 10ರ ಲಾಗ್‌ಗೆ ಹೋಗುವಾಗ 2.303 ಮರೆಯುವುದು. ಪ್ರತಿ ಸಾಲಿನಲ್ಲೂ ಸಂಖ್ಯೆಯ ಜೊತೆ ಯೂನಿಟ್ ಬರೆದು ಹೊಡೆದುಹಾಕುತ್ತಾ ಬನ್ನಿ. ಭಾನುವಾರ ಮೂವತ್ತೈದು ಲೆಕ್ಕ ಒಟ್ಟಿಗೆ ಮಾಡುವುದಕ್ಕಿಂತ ದಿನಕ್ಕೆ ಐದು ಮಾಡಿದವರೇ ಪೇಪರ್ ದಾಟುತ್ತಾರೆ.

ಈಗ ಟೈಟ್ರೇಶನ್. ಇಲ್ಲಿ ನಿಮ್ಮ ಮೂರು ರೀಡಿಂಗ್‌ಗಳು ಬಹಳ ಮಾತಾಡುತ್ತಿವೆ, ಅವನ್ನು ಒರೆಸಿ 10.1 ಎಂದು ಬರೆಯುವುದು ಸಾಕ್ಷಿ ನಾಶ ಮಾಡಿದಂತೆ. ಮಾಮೂಲಿ ಪ್ರಯೋಗವನ್ನೇ ಇಟ್ಟುಕೊಳ್ಳೋಣ. 1.576 ಗ್ರಾಂ ಆಕ್ಸಾಲಿಕ್ ಆಸಿಡ್ ಹರಳನ್ನು 250 ಮಿ.ಲೀ. ಮಾಡಿದರೆ 0.05 ಮೋಲಾರ್. ಅದರ 10 ಮಿ.ಲೀ.ಗೆ 0.02 ಮೋಲಾರ್ ಪರ್ಮ್ಯಾಂಗನೇಟ್ ಸರಿಯಾಗಿ 10 ಮಿ.ಲೀ. ಬೇಕು, ಏಕೆಂದರೆ ಎರಡು ಪರ್ಮ್ಯಾಂಗನೇಟ್ ಐದು ಆಕ್ಸಲೇಟನ್ನು ತಿನ್ನುತ್ತದೆ. ಬ್ಯುರೆಟ್ಟಿನಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಅಂದರೆ 9.8 ಮತ್ತು 10.4ರ ನಡುವೆ ಹನ್ನೆರಡು ಹನಿ ಅಂತರ. ಕಣ್ಣಿನ ತಪ್ಪಿನಿಂದ ಇಷ್ಟಾಗದು.

ಹೆಚ್ಚು ಬಂದದ್ದಕ್ಕೂ ಕಡಿಮೆ ಬಂದದ್ದಕ್ಕೂ ಕಾರಣಗಳು ಬೇರೆ ಬೇರೆ. ಬ್ಯುರೆಟ್ಟನ್ನು ನೀರಿನಲ್ಲಿ ತೊಳೆದು, ಪರ್ಮ್ಯಾಂಗನೇಟಿನಲ್ಲಿ ಜಾಲಾಡಿಸದೆ ತುಂಬಿದರೆ ದ್ರಾವಣ ತೆಳುವಾಗಿ ರೀಡಿಂಗ್ ಏರುತ್ತದೆ. ನಲ್ಲಿಯ ಕೆಳಗಿನ ಮೂತಿಯಲ್ಲಿ ಗಾಳಿಗುಳ್ಳೆ ಇದ್ದು ಮಧ್ಯದಲ್ಲಿ ಹೊರಬಿದ್ದರೂ ಏರುತ್ತದೆ. ಕೋನಿಕಲ್ ಫ್ಲಾಸ್ಕನ್ನು ಆಕ್ಸಾಲಿಕ್ ಆಸಿಡ್‌ನಲ್ಲೇ ತೊಳೆದರೂ ಅಷ್ಟೇ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ, ಒಳಗೆ ಒದ್ದೆ ಉಳಿದರೆ ಚಿಂತೆಯಿಲ್ಲ. ಪಿಪೆಟ್ಟಿನ ಕಥೆ ತಿರುಗುಮುರುಗು: ಒಳಗೆ ನೀರು ಉಳಿದಿದ್ದರೆ ಆಕ್ಸಾಲಿಕ್ ಆಸಿಡ್ ಕಡಿಮೆ ಹೋಗಿ ರೀಡಿಂಗ್ ಇಳಿಯುತ್ತದೆ, ತುದಿಯಲ್ಲಿ ಉಳಿದ ಕೊನೆಯ ಹನಿಯನ್ನು ಊದಿ ಹಾಕಿದರೆ ಏರುತ್ತದೆ. ಆ ಹನಿ ಅಲ್ಲೇ ಉಳಿಯಬೇಕು ಎಂದು ಲೆಕ್ಕ ಹಾಕಿಯೇ ಪಿಪೆಟ್ಟಿಗೆ ಗುರುತು ಹಾಕಿರುತ್ತಾರೆ.

ಈ ಟೈಟ್ರೇಶನ್ನಿಗೇ ವಿಶೇಷವಾದ ತಪ್ಪುಗಳೂ ಇವೆ. ಫ್ಲಾಸ್ಕನ್ನು 60ರಿಂದ 70 ಡಿಗ್ರಿವರೆಗೆ ಬಿಸಿ ಮಾಡಬೇಕು. ಕುದಿಸಿದರೆ ಆಕ್ಸಾಲಿಕ್ ಆಸಿಡ್ ಸ್ವಲ್ಪ ಒಡೆದುಹೋಗುತ್ತದೆ, ರೀಡಿಂಗ್ ಇಳಿಯುತ್ತದೆ. ತಣ್ಣಗಿದ್ದರೆ ರಿಯಾಕ್ಷನ್ ನಿಧಾನ, ಗುಲಾಬಿ ಬಣ್ಣ ಬೇಗ ನಿಂತಂತೆ ಕಂಡು ನೀವು ಮೊದಲೇ ನಿಲ್ಲಿಸಿಬಿಡುತ್ತೀರಿ. ನಿಮ್ಮ 9.8 ಹೀಗೇ ಹುಟ್ಟಿರಬಹುದು. ಮೊದಲ ಕೆಲವು ಹನಿ ಹಾಕಿದಾಗ ಬಣ್ಣ ಹೋಗಲು ತಡವಾಗುವುದು ಸಹಜ. ಆ ರಿಯಾಕ್ಷನ್ನಿಗೆ ಅದರಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನೇ ವೇಗವರ್ಧಕ, ಅದು ಹುಟ್ಟುವವರೆಗೆ ಕಾಯಬೇಕು. ಕಾಯದೆ ಭರಭರನೆ ಸುರಿದರೆ, ಅಥವಾ ಸಲ್ಫ್ಯೂರಿಕ್ ಆಸಿಡ್ ಸಾಲದೆ ಬಂದರೆ, ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಪರ್ಮ್ಯಾಂಗನೇಟ್ ಐದು ಎಲೆಕ್ಟ್ರಾನ್ ತೆಗೆದುಕೊಳ್ಳುವಲ್ಲಿ ಮೂರಕ್ಕೇ ನಿಂತುಬಿಟ್ಟಿದೆ ಎಂದರ್ಥ, ಹಾಗಾಗಿ ರೀಡಿಂಗ್ ಏರುತ್ತದೆ. ನಿಮ್ಮ 10.4ರಲ್ಲಿ ಕಂದು ಕದಡು ಕಂಡಿತ್ತೇ ಎಂದು ನೆನಪಿಸಿಕೊಳ್ಳಿ. ಕಂಡಿದ್ದರೆ ಆ ಫ್ಲಾಸ್ಕ್ ಚೆಲ್ಲಿ ಮತ್ತೆ ಮಾಡಬೇಕು, ಅದನ್ನು ಉಳಿಸಿಕೊಳ್ಳುವ ದಾರಿ ಇಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಬಾರದು, ಪರ್ಮ್ಯಾಂಗನೇಟ್ ಕ್ಲೋರೈಡನ್ನೂ ಆಕ್ಸಿಡೈಸ್ ಮಾಡುತ್ತದೆ. ನೈಟ್ರಿಕ್ ಆಸಿಡ್ ತಾನೇ ಆಕ್ಸಿಡೈಸ್ ಮಾಡುವಂಥದ್ದು, ಅದೂ ಬೇಡ.

ತಿಳಿ ಗುಲಾಬಿ ಬಣ್ಣ ಮೂವತ್ತು ಸೆಕೆಂಡ್ ನಿಂತರೆ ಎಂಡ್ ಪಾಯಿಂಟ್ ಬಂದ ಹಾಗೆ. ಐದು ನಿಮಿಷದ ಮೇಲೆ ಬಣ್ಣ ಮಾಸಿತೆಂದು ಮತ್ತೆ ಹನಿ ಹಾಕಲು ಹೋಗಬೇಡಿ. ಪರ್ಮ್ಯಾಂಗನೇಟ್ ಗಾಢ ಬಣ್ಣದ್ದಾದ್ದರಿಂದ ಕೆಳಗಿನ ಬಾಗು ಕಾಣುವುದಿಲ್ಲ, ಮೇಲಿನ ಅಂಚನ್ನೇ ಓದಿ, ಶುರುವಲ್ಲೂ ಕೊನೆಯಲ್ಲೂ. ಬ್ಯುರೆಟ್ ತುಂಬಿದ ಮೇಲೆ ಫನಲ್ ತೆಗೆದಿಡಿ, ಅದರಿಂದ ಜಾರಿದ ಒಂದು ಹನಿಯೂ ರೀಡಿಂಗನ್ನು ಕೆಡಿಸಬಲ್ಲದು. ಮೊದಲನೆಯದನ್ನು ಅಂದಾಜಿಗೆ ಬಿಟ್ಟು, ಮುಂದಿನವು 0.1 ಮಿ.ಲೀ. ಒಳಗೆ ಹೊಂದುವವರೆಗೆ ಮಾಡಿ.

ಗೆಳೆಯರ ಸಲಹೆಯ ಬಗ್ಗೆ: ಅಂಕ ಬಂದೀತು, ಕೈ ಪಳಗುವುದಿಲ್ಲ. ಈ ಡಿಗ್ರಿ ಮುಗಿಸಿದವರಲ್ಲಿ ಬಹಳ ಜನ ಕ್ವಾಲಿಟಿ ಕಂಟ್ರೋಲ್ ಲ್ಯಾಬುಗಳಿಗೆ ಸೇರುತ್ತಾರೆ. ಅಲ್ಲಿ ಪ್ರತಿ ರೀಡಿಂಗ್ ಪಕ್ಕದಲ್ಲೂ ಸಹಿ ಮತ್ತು ತಾರೀಕು ಇರುತ್ತದೆ, ಹೊಂದಿಸಿ ಬರೆದದ್ದು ಸಿಕ್ಕಿಬಿದ್ದರೆ ಕೆಲಸಕ್ಕೇ ಕುತ್ತು. ರೀಡಿಂಗ್ ಹೊಂದದಿದ್ದರೆ ಬಂದದ್ದನ್ನೇ ಬರೆದು, ಪಕ್ಕದಲ್ಲಿ ‘ಕಂದು ಕದಡು ಬಂದದ್ದರಿಂದ ಕೈಬಿಟ್ಟಿದೆ’ ಎಂದು ಕಾರಣ ಬರೆಯಿರಿ.

ಇನ್ನು ವಿಷಯ ಬದಲಾಯಿಸುವ ಮಾತು. ಆರ್ಗ್ಯಾನಿಕ್‌ಗೆ ಹೆದರಿ ಬಯೋಕೆಮಿಸ್ಟ್ರಿಗೆ ಹೋಗುವುದು ಮಳೆಗೆ ಹೆದರಿ ಕೆರೆಗೆ ಇಳಿದ ಹಾಗೆ. ಅಲ್ಲಿನ ಆಲ್ಡೊಲೇಸ್ ಎಂಬ ಎನ್ಜೈಮ್ ಮಾಡುವುದೂ ಇದೇ ಆಲ್ಡಾಲ್ ರಿಯಾಕ್ಷನ್ನನ್ನು. ಎನ್ಜೈಮ್ ಕೈನೆಟಿಕ್ಸ್‌ನಲ್ಲಿ ಸರಳರೇಖೆಯ ಸ್ಲೋಪ್, ಬಫರ್ ಲೆಕ್ಕದಲ್ಲಿ ಲಾಗ್ ಮತ್ತೆ ಎದುರಾಗುತ್ತವೆ. ಜೀವಕೋಶದ ಒಳಗೆ ಏನು ನಡೆಯುತ್ತದೆ ಎಂಬ ಕುತೂಹಲವೇ ನಿಮ್ಮನ್ನು ಎಳೆಯುತ್ತಿದ್ದರೆ ಖಂಡಿತ ಹೋಗಿ, ತಪ್ಪಿಸಿಕೊಳ್ಳಲು ಬೇಡ. ಅಲ್ಲದೆ ಎರಡನೇ ವರ್ಷದಲ್ಲಿ ಬದಲಾಯಿಸಿದರೆ ಹಿಂದಿನ ಪೇಪರ್‌ಗಳಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತವೆ, ಒಂದು ವರ್ಷ ಹಿಂದೆ ಬೀಳುತ್ತೀರಾ ಎಂಬುದನ್ನು ಕಾಲೇಜಿನ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಉಳಿಯುವುದಾದರೆ ಎರಡು ದಾರಿ. ಉಳಿದ ಫಿಸಿಕಲ್ ಪೇಪರನ್ನು ಈ ಸೆಮಿಸ್ಟರಿನ ಪೇಪರ್‌ಗಳ ಜೊತೆಗೇ ಕಟ್ಟುವುದು ಒಂದು. ಗಂಟು ಬೇಗ ಬಿಚ್ಚುತ್ತದೆ, ಆದರೆ ಓದಿನ ಹೊರೆ ಹೆಚ್ಚಿ ಈಗಿನ ಪೇಪರೂ ಜಾರುವ ಅಪಾಯವಿದೆ. ಒಂದು ಸೆಮಿಸ್ಟರ್ ಗಣಿತ ಸರಿಪಡಿಸಿಕೊಂಡು ಮುಂದಿನ ಸಲ ಬರೆಯುವುದು ಇನ್ನೊಂದು. ಇದರಲ್ಲಿ ಉಸಿರಾಡಲು ಜಾಗ ಸಿಗುತ್ತದೆ, ಆದರೆ ಮುಂದಿನ ಫಿಸಿಕಲ್ ಪಾಠಗಳು ಹಳೆಯದರ ಮೇಲೇ ನಿಲ್ಲುವುದರಿಂದ ಅಲ್ಲಿಯವರೆಗೆ ತರಗತಿಯಲ್ಲಿ ಕತ್ತಲೆ. ನಿಮ್ಮ ಪತ್ರ ನೋಡಿದರೆ ಮೊದಲನೆಯದೇ ಸರಿ ಅನ್ನಿಸುತ್ತದೆ, ಅರ್ಧ ಗಂಟೆಯ ಗಣಿತ ಈ ವಾರವೇ ಶುರುವಾಗುವುದಾದರೆ. ಆರು ವಾರ ಖಾಲಿ ಹಾಳೆ ಮತ್ತು ದಿನದ ಐದು ಲೆಕ್ಕ ನಡೆಸಿ. ಅಷ್ಟಾದ ಮೇಲೂ ಕೆಂಪು ಗುರುತುಗಳು ಕಡಿಮೆಯಾಗದಿದ್ದರೆ, ಅಥವಾ ಕಡಿಮೆಯಾದರೂ ವಿಷಯದ ಮೇಲೆ ಮನಸ್ಸೇ ಹೋಗದಿದ್ದರೆ, ಆಗ ಬದಲಾವಣೆಯ ಮಾತಿಗೆ ಕೂರಬಹುದು.

ಕೊನೆಗೆ ಆಸಿಡ್. ನಾಚಿಕೆ ಪಡಬೇಡಿ, ಸಾಂದ್ರ ಸಲ್ಫ್ಯೂರಿಕ್ ಆಸಿಡ್ ಹೆದರಲೇಬೇಕಾದ ವಸ್ತು. ಕೈ ನಡುಗುವುದು ಬಾಟಲಿ ದೊಡ್ಡದಾದಾಗ, ಎಷ್ಟು ಬೇಕೆಂದು ಮೊದಲೇ ಗೊತ್ತಿಲ್ಲದಾಗ. ಲೆಕ್ಕ ಮಾಡಿಕೊಂಡೇ ಹೋಗಿ: 98 ಶೇಕಡಾ ಆಸಿಡ್ ಸುಮಾರು 18 ಮೋಲಾರ್, ಆದ್ದರಿಂದ 1 ಮೋಲಾರ್‌ನ 250 ಮಿ.ಲೀ.ಗೆ 14 ಮಿ.ಲೀ. ಸಾಕು. ಕನ್ನಡಕ, ಗ್ಲೌಸ್, ಮೈಮುಚ್ಚುವ ಕೋಟ್ ಹಾಕಿಕೊಂಡು, ಬಾಟಲಿಯನ್ನು ಫ್ಯೂಮ್ ಹುಡ್ ಒಳಗೇ ಇಟ್ಟು, ಚೀಟಿ ಅಂಗೈ ಕಡೆ ಬರುವಂತೆ ಎರಡು ಕೈಯಲ್ಲಿ ಹಿಡಿದು ಸಣ್ಣ ಅಳತೆ ಜಾಡಿಗೆ ಬಗ್ಗಿಸಿ. ಹೆಚ್ಚಾಗಿ ಬಿದ್ದದ್ದನ್ನು ಬಾಟಲಿಗೆ ವಾಪಸ್ ಸುರಿಯಬಾರದು. ಬೀಕರಿನಲ್ಲಿ ಮುಕ್ಕಾಲು ಭಾಗ ನೀರು ಇಟ್ಟು, ಕಲಕುತ್ತಾ, ಆಸಿಡನ್ನು ನಿಧಾನವಾಗಿ ನೀರಿಗೆ ಬಿಡಿ. ಆಸಿಡ್‌ನ ಸಾಂದ್ರತೆ 1.84, ನೀರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಭಾರ. ತಿರುಗಾಮುರುಗಾ ಮಾಡಿದರೆ ನೀರು ಮೇಲೇ ತೇಲಿ, ಅಲ್ಲೇ ಕುದಿದು, ಆಸಿಡ್ ಸಮೇತ ಮುಖಕ್ಕೆ ಸಿಡಿಯುತ್ತದೆ. ತಣ್ಣಗಾದ ಮೇಲೆ ಅಳತೆ ಫ್ಲಾಸ್ಕಿಗೆ ಹಾಕಿ ಗುರುತಿನವರೆಗೆ ನೀರು ತುಂಬಿ. ಪಿಪೆಟ್ಟನ್ನು ಬಾಯಿಂದ ಎಳೆಯಲೇಬೇಡಿ, ಬಲ್ಬ್ ಬಳಸಿ. ಚರ್ಮದ ಮೇಲೆ ಬಿದ್ದರೆ ಆ ಕ್ಷಣವೇ ಹರಿಯುವ ನೀರಿನ ಕೆಳಗೆ, ಕಡಿಮೆಯೆಂದರೆ ಇಪ್ಪತ್ತು ನಿಮಿಷ. ತೊಯ್ದ ಬಟ್ಟೆಯನ್ನು ನೀರು ಬೀಳುತ್ತಿರುವಾಗಲೇ ತೆಗೆಯಿರಿ. ಚರ್ಮಕ್ಕೆ ಸೋಡಾ ಹಚ್ಚಿ ಆಸಿಡ್ ಇಳಿಸಲು ಹೋಗಬೇಡಿ, ಆ ರಿಯಾಕ್ಷನ್‌ನ ಬಿಸಿ ಗಾಯವನ್ನು ಹೆಚ್ಚಿಸಬಹುದು. ಕಣ್ಣಿಗೆ ಬಿದ್ದರೆ ರೆಪ್ಪೆ ತೆರೆದು ಹಿಡಿದು ಅಷ್ಟೇ ಹೊತ್ತು ನೀರು ಬಿಟ್ಟು ನೇರವಾಗಿ ವೈದ್ಯರ ಹತ್ತಿರ ಹೋಗಬೇಕು. ನಲ್ಲಿ ಎಲ್ಲಿದೆ, ಐ ವಾಶ್ ಎಲ್ಲಿದೆ ಎಂದು ನಾಳೆ ಲ್ಯಾಬಿಗೆ ಹೋದ ಕೂಡಲೇ ನೋಡಿಟ್ಟುಕೊಳ್ಳಿ, ತಿರುಗಿಸಿದರೆ ನೀರು ಬರುತ್ತದೆಯೇ ಎಂದೂ.